ರಟ್ಟು ಅಡ್ಡ ಹಿಡಿದ ಎರಡು ನಿಮಿಷ

ಮನೆಯಿಂದ, ಮಹಡಿ ಮೆಟ್ಟಿಲ ಕೆಳಗಿನ ನನ್ನ ಮೇಜು
ಮಂಗಳವಾರ, ಹನ್ನೊಂದನೆಯ ತಾರೀಖು, ಮಧ್ಯಾಹ್ನ ಮೂರು ಗಂಟೆ

ಪ್ರೀತಿಯ ಮಗಳೇ,

ದೇವರ ದಯೆಯಿಂದ ನಾವೆಲ್ಲ ಇಲ್ಲಿ ಚೆನ್ನಾಗಿದ್ದೇವೆ. ಅದೇ ದಯೆ ಸಮುದ್ರ ದಾಟಿ ನಿನ್ನ ದ್ವೀಪಕ್ಕೂ ತಲುಪಿದೆ ಎಂದು ನಂಬಿದ್ದೇನೆ. ನಿನ್ನ ಕೆಮ್ಮು ಹೇಗಿದೆ? ಕಳೆದ ಶನಿವಾರ ಫೋನಿನಲ್ಲಿ 'ಕೆಮ್ಮಾ? ಯಾವ ಕೆಮ್ಮು?' ಎಂದು ಕೇಳುತ್ತಲೇ ಎರಡು ಸಲ ಕೆಮ್ಮಿದೆ. ಬೆಳಿಗ್ಗೆ ಬಲೂನು ಹಾರಿಸಲು ಹೊರಗೆ ಹೋಗುವಾಗ ಕಿವಿ ಮುಚ್ಚಿಕೊಂಡು ಹೋಗು. ಹವಾಮಾನ ಕೇಂದ್ರದಲ್ಲಿ ಕೆಲಸ ಮಾಡುವವಳಿಗೆ ಗಾಳಿಯ ಬಗ್ಗೆ ಬುದ್ಧಿ ಹೇಳುವಷ್ಟು ದೊಡ್ಡವನಲ್ಲ ನಾನು, ಆದರೂ ಅಪ್ಪ ಅಂದಮೇಲೆ ಹೇಳದೆ ಇರಲಾಗುವುದಿಲ್ಲ. ನಿಮ್ಮಮ್ಮ ಉಣ್ಣೆಯ ಕಾಲುಚೀಲ ಹೆಣೆದು ಈ ಕಾಗದದ ಜೊತೆ ಕಳಿಸುತ್ತಿದ್ದಾಳೆ. ಒಂದು ಇನ್ನೊಂದಕ್ಕಿಂತ ಎರಡು ಬೆರಳು ಉದ್ದವಿದೆ. ಕೇಳಿದರೆ 'ಎಡಗಾಲಿಂದು ಯಾವ್ದು ಅಂತ ಕತ್ತಲಲ್ಲೂ ಗೊತ್ತಾಗ್ಲಿ ಅಂತ ಹಾಗೆ ಮಾಡಿದೀನಿ' ಎನ್ನುತ್ತಾಳೆ. ಮೂವತ್ತು ವರ್ಷ ಊರಿಗೆಲ್ಲ ಬಟ್ಟೆ ಹೊಲಿದವಳ ಹತ್ತಿರ ಅಳತೆಯ ವಿಷಯದಲ್ಲಿ ವಾದ ಮಾಡಿ ಯಾರೂ ಗೆದ್ದಿಲ್ಲ. ನೀನೂ ಸುಮ್ಮನೆ ಹಾಕಿಕೋ. ಅಳಿಯಂದಿರು ಆರೋಗ್ಯವಾಗಿದ್ದಾರೆ. ಈ ತಿಂಗಳು ಅವರಿಗೆ ಬಸ್ಸಿನ ಮೊದಲ ಪಾಳಿ. ಮಧ್ಯಾಹ್ನ ಬಂದು ಊಟ ಮಾಡಿ ಕುರ್ಚಿಯಲ್ಲೇ ನಿದ್ದೆ ಹೋಗುತ್ತಾರೆ, ನಿದ್ದೆಯಲ್ಲೂ ಬಲಗಾಲು ಆಗಾಗ ಬ್ರೇಕ್ ಒತ್ತುತ್ತದೆ.

ಇನ್ನು ನೀನು ಮೇಲಿನದನ್ನೆಲ್ಲ ಹಾರಿಸಿ ಹುಡುಕುತ್ತಿರುವ ಸಾಲಿಗೆ ಬರುತ್ತೇನೆ. ನಮ್ಮ ಗುಂಡುಸೂಜಿ ಚೆನ್ನಾಗಿದ್ದಾಳೆ. ನಿಮ್ಮಮ್ಮ ಆ ಹೆಸರಿಟ್ಟಾಗ 'ನನ್ನ ಮಗಳಿಗೆ ಇದೆಂಥ ಹೆಸರು' ಎಂದು ನೀನು ಮುಖ ಊದಿಸಿದ್ದೆ. ಈಗ ಏಳು ವರ್ಷ ತುಂಬಿದೆ, ಹೆಸರು ಅವಳಿಗೆ ಇನ್ನೂ ಚೆನ್ನಾಗಿ ಕೂತಿದೆ: ಮೈ ಸಣ್ಣ, ನಿಲುವು ನೆಟ್ಟಗೆ, ಎಲ್ಲಿದ್ದಾಳೆ ಎಂದು ಚುಚ್ಚಿದ ಮೇಲೇ ಗೊತ್ತಾಗುವುದು. ಶಾಲೆಗೆ ಹೋಗುತ್ತಾಳೆ, ತಟ್ಟೆಗೆ ಹಾಕಿದ್ದನ್ನು ತಿನ್ನುತ್ತಾಳೆ, ನನ್ನ ಕನ್ನಡಕ ಹಾಕಿಕೊಂಡು ನನ್ನನ್ನೇ ಅಣಕಿಸುತ್ತಾಳೆ. ಆದರೆ ಶನಿವಾರ ನಾಲ್ಕು ಗಂಟೆಗೆ ಫೋನ್ ರಿಂಗಾದ ಕೂಡಲೇ ಎದ್ದು ಹಿಂದಿನ ಬಾಗಿಲಿಂದ ಹೊರಗೆ ಹೋಗಿಬಿಡುತ್ತಾಳೆ. ನೀನು ಹೋಗಿ ನಾಲ್ಕು ತಿಂಗಳಾಯಿತು, ಒಂದು ಶನಿವಾರವೂ ಅವಳ ದನಿ ನಿನಗೆ ಕೇಳಿಸಲಿಲ್ಲ. ಪ್ರತಿ ವಾರ ನಾನು 'ಆಟಕ್ಕೆ ಹೋಗಿದಾಳಮ್ಮಾ' ಎನ್ನುತ್ತೇನೆ, ನೀನು 'ಹೌದಾ, ಆಡ್ಲಿ ಬಿಡಿ' ಎನ್ನುತ್ತೀ. ಇಬ್ಬರೂ ಒಬ್ಬರನ್ನೊಬ್ಬರು ನಂಬಿದ ಹಾಗೆ ಮಾಡುತ್ತೇವೆ. ಕಾರಣ ನಮಗಿಬ್ಬರಿಗೂ ಗೊತ್ತು. ಹೊರಡುವ ಬೆಳಿಗ್ಗೆ ನೀನು ಅವಳನ್ನು ಎಬ್ಬಿಸಲು ಹೋದಾಗ ಕೋಣೆಯ ಬಾಗಿಲಲ್ಲಿ ಅಡ್ಡ ನಿಂತವನು ನಾನು. 'ಎಬ್ಬಿಸ್ಬೇಡ. ಮಗು ಅತ್ರೆ ನಿನ್ ಕಾಲೂ ಏಳಲ್ಲ. ಮಲಗಿರುವಾಗ್ಲೇ ಹೊರಟುಬಿಡು, ನಾನು ನೋಡ್ಕೋತೀನಿ' ಎಂದೆ. ನೀನು ನನ್ನ ಮಾತು ಕೇಳಿದೆ. ಎದ್ದ ಮಗು ಕೋಣೆ ಕೋಣೆ ಹುಡುಕಿ, ಅಮ್ಮ ತನಗೆ ಹೇಳದೆ ಹೋದಳು ಎಂದು ತೀರ್ಮಾನಿಸಿತು. ಹೇಳಿಕೊಟ್ಟವನು ತಾತ ಎಂದು ನೀನು ಅವಳಿಗೆ ಹೇಳಲಿಲ್ಲ, ನನ್ನ ಬಾಯಿಂದಂತೂ ಬರಲೇ ಇಲ್ಲ.

ಇರಲಿ, ನಾನು ಕಾಗದ ಬರೆಯಲು ಕೂತದ್ದು ಗೋಳಾಡಲು ಅಲ್ಲ. ಭಾನುವಾರ ಮಧ್ಯಾಹ್ನ ಇಲ್ಲಿ ನಡೆದದ್ದನ್ನು ನಿನಗೆ ಹೇಳದಿದ್ದರೆ ನನ್ನ ಹೊಟ್ಟೆ ಒಡೆದುಹೋಗುತ್ತದೆ. ಹೊಸ ಪಾಸ್ಟರ್ ಬಂದಮೇಲೆ ಚರ್ಚಿನ ಹಿಂದಿನ ಹಾಲಿನಲ್ಲಿ ಸಂಡೇ ಸ್ಕೂಲ್ ಮಕ್ಕಳಿಗೆ ತಿಂಗಳಿಗೊಂದು ಸಿನಿಮಾ ತೋರಿಸುವುದು ಶುರುವಾಗಿದೆ. ಮನೆಮಂದಿಯೆಲ್ಲ ಕೂತು ನೋಡುವಂಥ ಚಿತ್ರ, ಅದು ಮುಗಿದ ಮೇಲೆ ನೆಲದ ಮೇಲೆ ಸುತ್ತ ಕೂತು ಮಾತು. 'ಮಕ್ಳು ಹೇಗಿದ್ರೂ ನೋಡ್ತಾವೆ. ನಮ್ ಜೊತೇಲೇ ನೋಡ್ಲಿ. ಆಮೇಲೆ ಕೇಳೋಣ, ಆ ಮನೇಲಿ ಯೇಸುಸ್ವಾಮಿ ಇದ್ದಿದ್ರೆ ಏನ್ ಮಾಡ್ತಿದ್ರು ಅಂತ' ಎನ್ನುವುದು ಅವರ ವಾದ. ಹಿಂದಿನ ಪಾಸ್ಟರ್ ಸಿನಿಮಾ ಎಂದರೆ ಸೈತಾನನ ಪೆಟ್ಟಿಗೆ ಎನ್ನುತ್ತಿದ್ದರು. ಅವರ ಕಾಲದಲ್ಲಿ ನಾನು ಚಿತ್ರಮಂದಿರದಲ್ಲಿ ಪ್ರೊಜೆಕ್ಟರ್ ಆಪರೇಟರ್ ಕೆಲಸ ಮಾಡಿಕೊಂಡು, ಚರ್ಚಿಗೆ ಬಂದರೆ ಕಡೆಯ ಬೆಂಚಿನಲ್ಲಿ ಮೈ ಮುದುಡಿ ಕೂರುತ್ತಿದ್ದವನು. ಈಗ ಅದೇ ಚರ್ಚಿನವರು ಮನೆ ಬಾಗಿಲಿಗೆ ಬಂದು 'ನೀವೇ ನಡೆಸಿಕೊಡಬೇಕು' ಎಂದರೆ ಹಿಗ್ಗದೆ ಇರುತ್ತೇನೆಯೇ? ಇಸ್ತ್ರಿ ಹಾಕಿದ ಅಂಗಿ ತೊಟ್ಟು ಹೋದೆ. ಅವರು ಕೊಟ್ಟ ಪ್ರೊಜೆಕ್ಟರ್ ಊಟದ ಡಬ್ಬಿಯಷ್ಟಿದೆ. ರೀಲಿಲ್ಲ, ಸದ್ದಿಲ್ಲ, ಬಿಸಿಯಿಲ್ಲ, ಒಂದು ಗುಂಡಿ ಒತ್ತಿದರೆ ಆಯಿತು. ಮೂವತ್ತೊಂದು ವರ್ಷ ಕಲಿತ ವಿದ್ಯೆಯಲ್ಲಿ ಒಂದು ಚೂರನ್ನೂ ಆ ಡಬ್ಬಿ ಕೇಳಲಿಲ್ಲ.

ಒಂದು ಕೆಲಸ ಮಾತ್ರ ನನ್ನ ಕೈಗೆ ಉಳಿದಿತ್ತು, ರಟ್ಟು ಹಿಡಿಯುವುದು. ಮಕ್ಕಳ ಕಣ್ಣಿಗೆ ಬೀಳಬಾರದ ದೃಶ್ಯ ಬಂದಾಗ ಲೆನ್ಸಿನ ಮುಂದೆ ರಟ್ಟು ಅಡ್ಡ ಹಿಡಿದು, ಧ್ವನಿ ಪೂರ್ತಿ ಇಳಿಸಿ, ಅದು ದಾಟಿದ ಮೇಲೆ ತೆಗೆಯಬೇಕು. ಇದು ಸಭೆಯ ಹಿರಿಯರು ಹಾಕಿದ ಷರತ್ತು. ನನಗೇನೂ ಹೊಸದಲ್ಲ; ಚಿತ್ರಮಂದಿರಕ್ಕೆ ಶಾಲೆಯ ಮಕ್ಕಳು ಬಂದಾಗಲೂ ಹೀಗೇ ಮಾಡುತ್ತಿದ್ದೆ, ಅಲ್ಲಿ ತಗಡು, ಇಲ್ಲಿ ಹಳೆಯ ಕ್ಯಾಲೆಂಡರಿನ ರಟ್ಟು. ಯಾವುದನ್ನು ಮುಚ್ಚಬೇಕು ಎಂದು ತೀರ್ಮಾನಿಸುವವಳು ಸಂಡೇ ಸ್ಕೂಲ್ ಟೀಚರಮ್ಮ, ಅಂದರೆ ನಿಮ್ಮಮ್ಮ. ಅವಳು ಹಿಂದಿನ ದಿನ ಮನೆಯಲ್ಲಿ ಚಿತ್ರವನ್ನು ಪೂರ್ತಿ ನೋಡಿ, ಎಷ್ಟನೆಯ ನಿಮಿಷಕ್ಕೆ ಏನಿದೆ ಎಂದು ಪಟ್ಟಿ ಮಾಡುತ್ತಾಳೆ. ನಾನು ಮೊದಲೇ ನೋಡುವುದಿಲ್ಲ. ಆಪರೇಟರುಗಳು ಚಿತ್ರ ನೋಡುವವರಲ್ಲ, ನಡೆಸುವವರು. ಈ ಸಲದ ಪಟ್ಟಿಯಲ್ಲಿ ಒಂದೇ ಒಂದು ಸಾಲಿತ್ತು: 'ಎಪ್ಪತ್ತೊಂದನೆಯ ನಿಮಿಷ, ಬೇಕರಿಯ ಗಂಡ ಹೆಂಡತಿ, ಮುತ್ತು, ಎರಡು ನಿಮಿಷ ಮುಚ್ಚುವುದು.' ಒಂದು ಮುತ್ತಿಗೆ ಎರಡು ನಿಮಿಷ ಯಾಕೆ ಎಂದು ಕೇಳಿದೆ. 'ಮುಂದೆ ಸ್ವಲ್ಪ ಹಿಂದೆ ಸ್ವಲ್ಪ ಬಿಡ್ಬೇಕು' ಎಂದಳು. ಬಟ್ಟೆ ಹೊಲಿಯುವವರ ಬುದ್ಧಿ ನೋಡು, ಎಲ್ಲಿ ಹೋದರೂ ಒಳಗೆ ಒಂದಿಷ್ಟು ಬಿಟ್ಟೇ ಕತ್ತರಿಸುತ್ತಾರೆ.

ಚಿತ್ರದ ಕತೆ ಹೀಗಿದೆ. ಹನ್ನೆರಡು ವರ್ಷದ ಅಣ್ಣ, ಆರು ವರ್ಷದ ತಂಗಿ, ಇಬ್ಬರೇ ರೈಲಿನಲ್ಲಿ ಅತ್ತೆಯ ಮನೆಗೆ ಹೊರಟಿದ್ದಾರೆ. ದೊಡ್ಡ ಸ್ಟೇಷನ್ನಿನಲ್ಲಿ ರೈಲು ಬದಲಿಸಬೇಕು. ತಂಗಿ ಬೆಂಚಿನ ಮೇಲೆ ನಿದ್ದೆ ಹೋಗುತ್ತಾಳೆ. ಅಣ್ಣ 'ಒಂದು ನಿಮಿಷ' ಎಂದು ಬೊಂಬೆಯಾಟ ನೋಡಲು ಹೋಗಿ ಮೈ ಮರೆಯುತ್ತಾನೆ. ಇವಳು ಎಚ್ಚೆತ್ತು, ಅವನು ಕಾಣದೆ, ಹುಡುಕುತ್ತಾ ಯಾವುದೋ ರೈಲು ಹತ್ತುತ್ತಾಳೆ. ಟಿಕೆಟ್ ಪರೀಕ್ಷಿಸುವವನೊಬ್ಬ ತನ್ನ ಜಾಗ ಬಿಟ್ಟುಕೊಡುತ್ತಾನೆ, ದೂರದ ಊರಿನ ಬೇಕರಿಯ ದಂಪತಿ ಮನೆಯಲ್ಲಿಟ್ಟುಕೊಳ್ಳುತ್ತಾರೆ. ಅಣ್ಣ ಒಂದೊಂದೇ ಸ್ಟೇಷನ್ ಇಳಿದು ಹುಡುಕುತ್ತಾನೆ. ಪೊಲೀಸರು ಏನು ಮಾಡುತ್ತಿದ್ದರು ಎಂದು ಕೇಳಬೇಡ, ಅವರು ಹುಡುಕಿದ್ದರೆ ಚಿತ್ರ ಕಾಲು ಗಂಟೆಗೆ ಮುಗಿಯುತ್ತಿತ್ತು. ಕೊನೆಗೆ ಅವನು ಬೇಕರಿಯ ಬಾಗಿಲು ತಟ್ಟುತ್ತಾನೆ. ಬಾಗಿಲು ತೆರೆಯುವವಳು ತಂಗಿ. ಇಡೀ ಚಿತ್ರ ಕಾದಿದ್ದು ಆ ಬಾಗಿಲಿಗೆ.

ಈಗ ನಿಮ್ಮಮ್ಮನ ಗಡಿಯಾರದ ವಿಷಯ. ಅವಳು ನಿಮಿಷ ಎಣಿಸಿದ್ದು ಅಡುಗೆಮನೆಯ ಗೋಡೆ ಗಡಿಯಾರ ನೋಡಿಕೊಂಡು. ನಡುವೆ ಒಲೆಯ ಮೇಲೆ ಹಾಲು ಉಕ್ಕಿತು. ಚಿತ್ರ ನಿಲ್ಲಿಸಿದಳು, ಒಲೆ ಆರಿಸಿದಳು, ಒರೆಸಿದಳು, ಪಾತ್ರೆ ತೊಳೆದಳು, ಬಂದು ಕೂತು ಮತ್ತೆ ಚಿತ್ರ ಹಾಕಿದಳು. ಚಿತ್ರ ನಿಂತಿತ್ತು, ಗಡಿಯಾರ ನಿಂತಿರಲಿಲ್ಲ. ಎಂಟು ನಿಮಿಷದ ವ್ಯತ್ಯಾಸ! ಹಾಗಾಗಿ ಭಾನುವಾರ ಎಲ್ಲರೂ ನೆಮ್ಮದಿಯಾಗಿ ನೋಡುತ್ತಿರುವಾಗ ಅರವತ್ತಮೂರನೆಯ ನಿಮಿಷಕ್ಕೇ ಬೇಕರಿಯವನು ಹಿಟ್ಟಿನ ಕೈಯಲ್ಲೇ ಹೆಂಡತಿಯನ್ನು ತಬ್ಬಿ ಮುತ್ತು ಕೊಟ್ಟುಬಿಟ್ಟ. ಮಕ್ಕಳೆಲ್ಲ 'ಹೋ' ಎಂದು ಕೂಗಿದರು, ಮುಂದಿನ ಹಲ್ಲು ಬಿದ್ದ ಹುಡುಗನೊಬ್ಬ ಸಿಳ್ಳೆ ಹಾಕಲು ಹೋಗಿ ಬರೀ ಗಾಳಿ ಬಿಟ್ಟ. ನಾನು ಗಾಬರಿಯಿಂದ ನಿಮ್ಮಮ್ಮನ ಕಡೆ ತಿರುಗಿದೆ. ಅವಳು ಟಾರ್ಚ್ ಬೆಳಕಿನಲ್ಲಿ ಪಟ್ಟಿ ನೋಡಿ, 'ಇದು ಬೇರೆ ಇರ್ಬೇಕು ಕಣ್ರೀ, ನಮ್ದಿನ್ನೂ ಬಂದಿಲ್ಲ' ಎಂದು ಪಿಸುಗುಟ್ಟಿದಳು. ಪಟ್ಟಿಗೆ ಸೇರದ ಮುತ್ತೇ ಹೀಗಿದ್ದರೆ ಪಟ್ಟಿಯಲ್ಲಿರುವ ಮುತ್ತು ಇನ್ನೆಂಥದ್ದಿರಬೇಕು! ನಾನು ತೋಳು ಮಡಚಿ, ರಟ್ಟು ಹಿಡಿದು, ಗಡಿಯಾರದ ಮೇಲೆ ಕಣ್ಣಿಟ್ಟು ನಿಂತೆ. ಎಪ್ಪತ್ತೊಂದು ಆಯಿತು. ಪರದೆಯ ಮೇಲೆ ಬಾಗಿಲು ತೆರೆಯುತ್ತಿತ್ತು. ಟಪ್ ಎಂದು ಮುಚ್ಚಿದೆ, ಧ್ವನಿ ಸೊನ್ನೆಗೆ ಇಳಿಸಿದೆ. ಎರಡು ನಿಮಿಷ ಬಿಟ್ಟು ರಟ್ಟು ತೆಗೆದಾಗ ಪರದೆಯ ಮೇಲೆ ಕೆಲಸ ಮಾಡಿದವರ ಹೆಸರುಗಳು ಮೇಲಕ್ಕೆ ಹೋಗುತ್ತಿದ್ದವು.

ಆ ಗಲಾಟೆಯನ್ನು ನೀನು ಕೇಳಬೇಕಿತ್ತು. ಇಪ್ಪತ್ತೆರಡು ಮಕ್ಕಳು ಒಟ್ಟಿಗೆ ನನ್ನ ಕಡೆ ತಿರುಗಿದರು. 'ತಾತಾ, ಏನ್ ಮಾಡಿದ್ರಿ!' 'ತಂಗಿ ಸಿಕ್ಕಿದ್ಲಾ ಇಲ್ವಾ?' ಚಿತ್ರಮಂದಿರದಲ್ಲಿ ಕರೆಂಟ್ ಹೋದಾಗಲೂ ನನ್ನನ್ನು ಯಾರೂ ಹಾಗೆ ಬೈದಿರಲಿಲ್ಲ. ನಿಮ್ಮಮ್ಮ ಪಟ್ಟಿಯನ್ನು ಮಡಚಿ ಮಡಚಿ ಗುಳಿಗೆಯಷ್ಟು ಮಾಡಿ ಮುಷ್ಟಿಯಲ್ಲಿ ಹಿಡಿದುಕೊಂಡು, ಆ ರಟ್ಟಿಗೂ ತನಗೂ ಸಂಬಂಧವೇ ಇಲ್ಲ ಎನ್ನುವ ಹಾಗೆ ಕಿಟಕಿಯಾಚೆ ನೋಡುತ್ತಿದ್ದಳು. ನಾನು ಹಿಂದಕ್ಕೆ ಓಡಿಸಿ ಮತ್ತೆ ಹಾಕಲು ಹೋದೆ. ಪಾಸ್ಟರ್ ನಕ್ಕು ನಕ್ಕು ಕಣ್ಣು ಒರೆಸಿಕೊಂಡು, 'ಬೇಡ ಬೇಡ, ಈಗ್ಲೇ ಹಾಕ್ಬೇಡಿ. ಮೊದ್ಲು ಇವ್ರು ಹೇಳ್ಲಿ, ಆಮೇಲೆ ನೋಡೋಣ' ಎಂದರು. ದೀಪ ಹಾಕಿ ಎಲ್ಲರನ್ನೂ ಸುತ್ತ ಕೂರಿಸಿದರು.

ನಿಮ್ಮಮ್ಮ ಪ್ರಶ್ನೆಗಳ ಹಾಳೆ ತಯಾರು ಮಾಡಿದ್ದಳು. ಮೊದಲನೆಯದು, ಈ ಚಿತ್ರದಲ್ಲಿ ಯೇಸುಸ್ವಾಮಿಯ ಹಾಗೆ ನಡೆದುಕೊಂಡವರು ಯಾರು? ಹೆಚ್ಚಿನವರು ಬೇಕರಿ ದಂಪತಿ ಎಂದರು, ಮುತ್ತಿನಿಂದ ಅವರ ಪುಣ್ಯವೇನೂ ಕಡಿಮೆಯಾದಂತೆ ಕಾಣಲಿಲ್ಲ. ಹಲ್ಲಿಲ್ಲದವನು ಟಿಕೆಟ್ ಪರೀಕ್ಷಕನ ಪರ ನಿಂತ. 'ಅವ್ನು ಬೇಕಾದ್ರೆ ಟಿಕೆಟ್ ಇಲ್ಲ ಅಂತ ಇಳಿಸ್ಬಹುದಿತ್ತು. ಬೇಕರಿಯವ್ರಿಗೆ ಮನೆ ಇತ್ತು, ಕೊಟ್ರು. ಅವ್ನಿಗೆ ಇದ್ದಿದ್ದು ಒಂದೇ ಸೀಟು.' ಪಾಸ್ಟರ್ ಅದನ್ನು ತಮ್ಮ ಪುಸ್ತಕದಲ್ಲಿ ಬರೆದುಕೊಂಡರು, ಮುಂದಿನ ಭಾನುವಾರದ ಪ್ರಸಂಗದಲ್ಲಿ ಬರುತ್ತದೆ ನೋಡು. ಆಮೇಲೆ ಎದ್ದ ನಮ್ಮ ಪ್ರಶ್ನೆಪೆಟ್ಟಿಗೆ. ಆರ್ಗನ್ ನುಡಿಸುವವರ ಮಗ, ನಿನಗೆ ನೆನಪಿರಬೇಕು, ನೋಹನ ನಾವೆಯಲ್ಲಿ ಮರಕುಟುಕ ಹಕ್ಕಿಯನ್ನು ಎಲ್ಲಿ ಇಟ್ಟಿದ್ದರು ಎಂದು ಕೇಳಿ ಹಳೆಯ ಪಾಸ್ಟರನ್ನು ಸುಸ್ತು ಮಾಡಿದವನು. 'ಈ ಸಿನಿಮಾದಲ್ಲಿ ಯಾರೂ ಒಂದ್ಸಲಾನೂ ಪ್ರಾರ್ಥನೆ ಮಾಡ್ಲಿಲ್ಲ. ದೇವ್ರು ಅಂತ ಒಂದ್ ಮಾತೂ ಬರ್ಲಿಲ್ಲ. ಹಾಗಾದ್ರೆ ದೇವ್ರು ಎಲ್ಲಿದ್ರು?' ಎಂದ. ಒಂದು ಪುಟ್ಟ ಹುಡುಗಿ ಹೇಳಿದಳು: 'ತಾತಾನೂ ಪರದೆ ಮೇಲೆ ಇರ್ಲಿಲ್ಲ. ಹಿಂದೆ ಇದ್ರು. ತಾತ ಇಲ್ದಿದ್ರೆ ನಮ್ಗೇನು ಕಾಣ್ತಿತ್ತು?' ಪಾಸ್ಟರ್ ಚಪ್ಪಾಳೆ ತಟ್ಟಿದರು. ನಾನು ಎದೆ ಉಬ್ಬಿಸಿ ಅಂಗಿ ಸರಿಮಾಡಿಕೊಳ್ಳುವಷ್ಟರಲ್ಲಿ ನಿಮ್ಮಮ್ಮ, 'ದೇವ್ರು ರಟ್ಟು ಅಡ್ಡ ಹಿಡಿಯಲ್ಲ' ಎಂದಳು. ಅಲ್ಲಿ ಕೂತವರೆಲ್ಲ ನಕ್ಕರು. ತನ್ನ ಗಡಿಯಾರದ ವಿಷಯ ಮಾತ್ರ ಎತ್ತಲಿಲ್ಲ, ಪುಣ್ಯಾತ್ಗಿತ್ತಿ.

ಮೂರನೆಯ ಪ್ರಶ್ನೆ ಬಂತು. ಹಾಳೆಯಲ್ಲಿ ಬರೆದದ್ದನ್ನು ಪಾಸ್ಟರ್ ಹಾಗೇ ಓದಿದರು: 'ತಂಗಿ ಅಣ್ಣನನ್ನು ಕೂಡಲೇ ಕ್ಷಮಿಸಿದ್ದರಿಂದ ನಾವು ಏನು ಕಲಿಯುತ್ತೇವೆ?' ಓದಿ ಮುಗಿಸುವ ಮೊದಲೇ, 'ಕ್ಷಮಿಸಿದ್ಳಾ? ನಾವು ನೋಡೇ ಇಲ್ವಲ್ಲ!' ಎಂದು ಎದ್ದರು ಎಲ್ಲರೂ. 'ಸರಿ, ಹಾಗಾದ್ರೆ ನೀವೇ ಹೇಳಿ, ಬಾಗಿಲು ತೆರೆದ ಮೇಲೆ ಏನಾಯ್ತು?' ಎಂದು ಅವರು ಹಾಳೆ ಕೆಳಗಿಟ್ಟರು. ಆಗ ಶುರುವಾಯಿತು ನೋಡು. ಹಲ್ಲಿಲ್ಲದವನ ಪ್ರಕಾರ ತಂಗಿ ಮೊದಲು ಅಣ್ಣನ ಕೈ ಕಚ್ಚಿದಳು, ಆಮೇಲೆ ಬನ್ನು ಕೊಟ್ಟಳು. ಪ್ರಶ್ನೆಪೆಟ್ಟಿಗೆಯ ಪ್ರಕಾರ ಅವಳಿಗೆ ಅವನ ಗುರುತೇ ಹತ್ತಲಿಲ್ಲ, ಯಾಕೆಂದರೆ ಅವನು ಅಷ್ಟು ದಿನ ಸ್ನಾನ ಮಾಡಿರಲಿಲ್ಲ. ಅವಳಿ ಅಕ್ಕತಂಗಿಯರು ಹೇಳಿದ್ದು, ಅವಳು 'ನಾಳೆ ಬಾ' ಎಂದು ಬಾಗಿಲು ಹಾಕಿಕೊಂಡಳು, ಅಣ್ಣ ಮೆಟ್ಟಿಲ ಮೇಲೇ ಮಲಗಿದ. ಒಬ್ಬರಾದರೂ 'ಕೂಡಲೇ ಕ್ಷಮಿಸಿದಳು' ಎನ್ನಲಿಲ್ಲ. ಒಳ್ಳೆಯ ಮಕ್ಕಳು, ಪ್ರತಿ ವಾರ ಬೈಬಲ್ ವಾಕ್ಯ ಬಾಯಿಪಾಠ ಒಪ್ಪಿಸುವವರು. ಆದರೂ ಕಳೆದುಹೋಗುವುದು ಏನೆಂದು ಎಲ್ಲರಿಗೂ ಚೆನ್ನಾಗಿ ಗೊತ್ತಿತ್ತು.

ಆಗ ನನ್ನ ಕುರ್ಚಿಯ ಪಕ್ಕದಿಂದ ಒಂದು ದನಿ ಬಂತು. 'ಹಾಗಲ್ಲ.' ನಮ್ಮ ಗುಂಡುಸೂಜಿ. ಅವಳು ಚರ್ಚೆಯಲ್ಲಿ ಬಾಯಿ ಬಿಡುವವಳಲ್ಲ, ಅಂದು ಎದ್ದು ನಿಂತಿದ್ದಳು. ಕೈಗಳೆರಡೂ ಬೆನ್ನ ಹಿಂದೆ. 'ಅವಳು ಓಡಿ ಬರ್ಲಿಲ್ಲ, ಕಚ್ಚಲೂ ಇಲ್ಲ. ಸುಮ್ನೆ ನಿಂತ್ಕೊಂಡು, ನಾನು ಎದ್ದಾಗ ನೀನು ಇರ್ಲಿಲ್ಲ ಅಂದ್ಲು.' 'ಆಮೇಲೆ?' ಎಂದರು ಪಾಸ್ಟರ್, ಮೆಲ್ಲಗೆ. 'ಆಮೇಲೆ ಸಿಟ್ಟಲ್ಲೇ ಅವನ ಕೈ ಹಿಡ್ಕೊಂಡ್ಲು.' 'ಸಿಟ್ಟಿದ್ದರೆ ಯಾಕಮ್ಮಾ ಕೈ ಹಿಡ್ಕೊಂಡ್ಲು?' ಇಷ್ಟೂ ಗೊತ್ತಿಲ್ಲವೇ ಎನ್ನುವ ಹಾಗೆ ಅವರ ಮುಖ ನೋಡಿ ಹೇಳಿದಳು: 'ಅವನು ಮತ್ತೆ ಕಳೆದು ಹೋಗ್ಬಾರ್ದಲ್ಲ, ಅದಕ್ಕೆ.' ಹೇಳಿ ಕೂತುಬಿಟ್ಟಳು. ಮಗಳೇ, ನನ್ನ ಕೈಯಲ್ಲಿ ಇನ್ನೂ ಆ ರಟ್ಟಿತ್ತು. ಅವಳನ್ನು ನೋಡಿ ಹೆಮ್ಮೆಯಾಯಿತು, ನನ್ನನ್ನು ನೋಡಿಕೊಂಡು ನಾಚಿಕೆಯಾಯಿತು, ಎರಡೂ ಒಂದೇ ಗಳಿಗೆಯಲ್ಲಿ. ಮಕ್ಕಳು ಅಳಬಾರದು ಎಂದು ಜೀವನಪೂರ್ತಿ ಎಲ್ಲವನ್ನೂ ಮುಚ್ಚಿಟ್ಟವನು ನಾನು. ಅವರು ನೋಡಲೇಬೇಕಾದದ್ದು ಯಾವುದು ಎಂದು ಒಂದು ದಿನವೂ ಯೋಚಿಸಿರಲಿಲ್ಲ.

ಪಾಸ್ಟರ್ ಹಾಳೆಯನ್ನು ಜೇಬಿಗೆ ಸೇರಿಸಿ, ಮಕ್ಕಳಿಗೆ ಒಂದು ಸಂಗತಿ ನೆನಪಿಸಿದರು. ಯೇಸುಸ್ವಾಮಿಯನ್ನು ಹಿಡಿದುಕೊಂಡು ಹೋದಾಗ 'ಅವರು ಯಾರೋ ನನಗೆ ಗೊತ್ತೇ ಇಲ್ಲ' ಎಂದು ಮೂರು ಸಲ ಹೇಳಿ ತಪ್ಪಿಸಿಕೊಂಡ ಶಿಷ್ಯನೊಬ್ಬನಿದ್ದನಲ್ಲ. ಸ್ವಾಮಿ ಸಾವಿನಿಂದ ಎದ್ದು ಬಂದ ಮೇಲೆ ಅವನಿಗೆ ಸಮುದ್ರದ ದಡದಲ್ಲಿ ಕೆಂಡ ಮಾಡಿ ಮೀನು ಸುಟ್ಟು ತಿನ್ನಲು ಕೊಟ್ಟರು. ತಿಂದಾದ ಮೇಲೆ ಕೇಳಿದರು, ನಿನಗೆ ನನ್ನ ಮೇಲೆ ಪ್ರೀತಿ ಇದೆಯಾ ಎಂದು. ಒಂದು ಸಲವಲ್ಲ, ಮೂರು ಸಲ. 'ಏನೂ ಆಗೇ ಇಲ್ಲ ಅನ್ನೋ ಹಾಗೆ ಅವ್ರು ಇರ್ಲಿಲ್ಲ ನೋಡಿ. ನೋವಾಗಿತ್ತು, ಕೇಳಿದ್ರು. ಆದ್ರೆ ಹೊಟ್ಟೆಗೆ ಕೊಟ್ಟು, ಪಕ್ಕದಲ್ಲಿ ಕೂರಿಸ್ಕೊಂಡು ಕೇಳಿದ್ರು. ನಮ್ಮ ಪುಟ್ಟಿ ಹೇಳಿದ್ದೂ ಅದೇ' ಎಂದರು. ಅರವತ್ತೆಂಟು ವರ್ಷದಿಂದ ಆ ಮೀನಿನ ಕತೆ ಕೇಳುತ್ತಿದ್ದೇನೆ, ಭಾನುವಾರ ಮೊದಲ ಸಲ ನನಗೆ ಅದು ಒಳಗೆ ಇಳಿಯಿತು. ಗುಂಡುಸೂಜಿ ಮಾತ್ರ ಹೊಗಳಿಕೆ ಕೇಳಿಸಿಯೇ ಇಲ್ಲವೆಂಬಂತೆ ಬೂಟಿನ ದಾರ ಬಿಚ್ಚಿ ಕಟ್ಟುತ್ತಿದ್ದಳು, ಕಿವಿ ಮಾತ್ರ ಕೆಂಪಾಗಿತ್ತು.

ಕೊನೆಗೆ ಆ ಎರಡು ನಿಮಿಷ ಹಾಕಿ ತೋರಿಸಿದೆ. ಏನಿತ್ತು ಅಂದುಕೊಂಡೆ? ಬಾಗಿಲು ತೆರೆಯುತ್ತದೆ, ತಂಗಿ 'ಅಣ್ಣಾ' ಎಂದು ಓಡಿ ಬಂದು ಕುತ್ತಿಗೆಗೆ ಜೋತುಬೀಳುತ್ತಾಳೆ, ವಾದ್ಯಗಳು ಮೊಳಗುತ್ತವೆ, ಹಿಟ್ಟಿನ ಧೂಳು ಹಾರುತ್ತದೆ, ಮುಗಿಯಿತು. ಮಕ್ಕಳು 'ಅಯ್ಯೋ, ಇಷ್ಟೇನಾ!' ಎಂದರು. ಪ್ರಶ್ನೆಪೆಟ್ಟಿಗೆ ತಿರುಗಿ ನೋಡಿ, 'ತಾತಾ, ಮುಂದಿನ ಸಲಾನೂ ಕಡೇಲಿ ರಟ್ಟು ಹಿಡೀರಿ' ಎಂದ. ಹೀಗೆ ನನ್ನ ತಪ್ಪಿಗೆ ಬೈಗುಳದ ಬದಲು ಬೇಡಿಕೆ ಬಂತು. ಹಾಲ್ ಗುಡಿಸಿ, ಕುರ್ಚಿ ಜೋಡಿಸಿ, ಡಬ್ಬಿ ಪ್ರೊಜೆಕ್ಟರನ್ನು ಬೀರುವಿನಲ್ಲಿಟ್ಟು ಮನೆಗೆ ನಡೆದುಕೊಂಡು ಬಂದೆವು. ದಾರಿಯುದ್ದಕ್ಕೂ ನಿಮ್ಮಮ್ಮ ಉಕ್ಕಿದ ಹಾಲನ್ನು ಬೈದಳು, ಒಲೆಯನ್ನು ಬೈದಳು, ತನ್ನನ್ನು ಬಿಟ್ಟು ಎಲ್ಲವನ್ನೂ ಬೈದಳು. ಗುಂಡುಸೂಜಿ ಮುಂದೆ ಮುಂದೆ ಒಂಟಿಕಾಲಲ್ಲಿ ಕುಣಿಯುತ್ತಾ ಹೋದಳು. ಅವಳನ್ನು ಅಷ್ಟು ಹಗುರವಾಗಿ ನೋಡಿ ನಾಲ್ಕು ತಿಂಗಳಾಗಿತ್ತು.

ಮನೆಗೆ ಬಂದಮೇಲೆ ನಿಮ್ಮಮ್ಮನಿಗೆ ಹೇಳಿದೆ, ಆ ಬೆಳಿಗ್ಗೆಯ ವಿಷಯ ಮಗುವಿಗೆ ನೀನೇ ಹೇಳಿಬಿಡು, ನಿನ್ನ ಮಾತಾದರೆ ಮೆತ್ತಗಿರುತ್ತದೆ ಎಂದು. ಅವಳು ಸೂಜಿಗೆ ದಾರ ಪೋಣಿಸುತ್ತಲೇ, 'ಬಾಗಿಲಿಗೆ ಅಡ್ಡ ನಿಂತಿದ್ದು ನೀವು. ಹೇಳೋದೂ ನೀವೇ' ಎಂದಳು. ಸರಿಯಾದ ಮಾತು. ಆದರೆ ಈ ಮುದುಕನಿಗೆ ಧೈರ್ಯ ಸಾಲದು ಮಗಳೇ. ಈ ಮನೆಯಲ್ಲಿ ನನ್ನನ್ನು ಒಳ್ಳೆಯವನು ಎಂದು ಕಣ್ಣು ಮುಚ್ಚಿ ನಂಬಿರುವವಳು ಅವಳೊಬ್ಬಳೇ. ನಿನ್ನೆ ಎರಡು ಸಲ ಬಾಯಿ ತೆರೆದೆ. ಒಂದು ಸಲ ಪೆನ್ಸಿಲ್ ಚೂಪು ಮಾಡಿಕೊಟ್ಟೆ, ಇನ್ನೊಂದು ಸಲ ನೀರು ಬೇಕಾ ಎಂದು ಕೇಳಿದೆ. ಪ್ರಾರ್ಥನೆಯಲ್ಲಿ ಕೇಳಿಕೊಳ್ಳುತ್ತಿದ್ದೇನೆ, ನೀನೂ ಕೇಳಿಕೋ.

ನೀನು ಸುಖವಾಗಿರು ತಾಯಿ. ಹಾರಿಸಿದ ಬಲೂನುಗಳು ನೆಟ್ಟಗೆ ಏರಲಿ, ಬೀಸುವ ಗಾಳಿ ನಿನ್ನ ಎದೆಗೆ ಬಡಿಯದಿರಲಿ, ಬೆಳಿಗ್ಗೆ ಏಳುವಾಗಲೂ ಮಲಗುವಾಗಲೂ ಕರ್ತನ ಕೈ ನಿನ್ನ ತಲೆಯ ಮೇಲಿರಲಿ. ನಿನ್ನ ಜೊತೆ ಕೆಲಸ ಮಾಡುವವರಿಗೂ, ಕಾಗದ ತರುವ ದೋಣಿಯವರಿಗೂ ನನ್ನ ವಂದನೆ ಹೇಳು. ಅಳಿಯಂದಿರು ಬೇರೆ ಬರೆಯುತ್ತಾರಂತೆ. ಹಾಗೆಂದು ಹೇಳಿ ಕುರ್ಚಿಯಲ್ಲಿ ನಿದ್ದೆ ಹೋಗಿದ್ದಾರೆ.

ನಿನ್ನ ಪ್ರೀತಿಯ,
ಅಪ್ಪ

ಮರೆತ ಮಾತು, ಬುಧವಾರ, ಆತುರದಲ್ಲಿ: ದೋಣಿಗೆ ಹೋಗುವ ಟಪಾಲಿನ ಚೀಲ ಕಟ್ಟಲು ಇನ್ನು ಅರ್ಧ ಗಂಟೆಯಿದೆ, ಅಕ್ಷರ ಸೊಟ್ಟಗಿದ್ದರೆ ಬೈಯಬೇಡ. ಇವತ್ತು ಬೆಳಿಗ್ಗೆ ಅವಳು ಜಡೆ ಹಾಕಿಸಿಕೊಳ್ಳಲು ನನ್ನ ಮುಂದೆ ಬೆನ್ನು ತಿರುಗಿಸಿ ಕೂತಿದ್ದಳು. ಮುಖ ಕಾಣದಿದ್ದುದರಿಂದ ಹೇಳಲಾಯಿತು. ಎಲ್ಲ ಹೇಳಿದೆ. ಅವಳು ಕೇಳಿದ್ದು ಒಂದೇ ಪ್ರಶ್ನೆ: 'ಅಮ್ಮ ನನ್ನ ಎಬ್ಬಿಸೋಕೆ ಬಂದಿದ್ಲಾ?' ಬಂದಿದ್ಲು, ಬಾಗಿಲ ತನಕ ಬಂದಿದ್ಲು, ನಾನೇ ಬಿಡಲಿಲ್ಲ ಎಂದೆ. ಮತ್ತೆ ಕೇಳಿದಳು, ಮತ್ತೆ ಹೇಳಿದೆ. ಮೂರನೆಯ ಸಲವೂ ಕೇಳಿದಳು. ಆಮೇಲೆ ಅರ್ಧ ಹೆಣೆದ ಜಡೆಯಲ್ಲೇ ಎದ್ದು ಹೋಗಿ ಕುರ್ಚಿ ಎಳೆದು ಫೋನಿನ ಪಕ್ಕದಲ್ಲಿ ಹಾಕಿ, 'ಶನಿವಾರ ಇದನ್ನ ಯಾರೂ ಮುಟ್ಬಾರ್ದು' ಎಂದು ಅಜ್ಜಿಗೆ ಆಜ್ಞೆ ಮಾಡಿದ್ದಾಳೆ. ನಾಲ್ಕು ಗಂಟೆಗೆ ಸರಿಯಾಗಿ ಮಾಡು. ಎತ್ತುವವಳು ಅವಳೇ. ನನ್ನ ಜೊತೆ ಮಾತು ಬಿಟ್ಟಿದ್ದಾಳೆ, ಮುಖ ಕೂಡ ನೋಡುತ್ತಿಲ್ಲ. ಅದರ ಚಿಂತೆ ನಿನಗೆ ಬೇಡ ಮಗಳೇ. ನಿನ್ನ ಮೇಲಿನ ಸಿಟ್ಟು ಪಾಪ ಸಮುದ್ರ ದಾಟಿ ಹೋಗಬೇಕಿತ್ತು, ನಾನಾದರೆ ಪಕ್ಕದ ಕೋಣೆಯಲ್ಲೇ ಇದ್ದೇನೆ.